ಅಪ್ಪ ಅಮ್ಮನ ಜೊತೆ ಅಲಾಸ್ಕಾ ಕ್ರೂಸ್: ಎಷ್ಟು ಸುತ್ತಬೇಕು, ಎಷ್ಟು ಸುಮ್ನೆ ಕೂರಬೇಕು?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಜೂನ್‌ನಲ್ಲಿ ಬೆಂಗಳೂರಿನಿಂದ ಅಪ್ಪ ಅಮ್ಮ ಬರುತ್ತಾರೆ. ಸಿಯಾಟಲ್‌ನಿಂದ 7 ರಾತ್ರಿಯ ಅಲಾಸ್ಕಾ ಕ್ರೂಸ್ ಬುಕ್ ಆಗಿದೆ. ಅಷ್ಟು ದುಡ್ಡು ಸುರಿದು ಹೋಗಿ ಹಡಗಲ್ಲೇ ಕೂತರೆ ಏನು ಬಂತು, ಪ್ರತಿ ಊರಲ್ಲೂ ಇಳಿದು ನೋಡೋಣ ಅಂತ ನಿಮ್ಮ ತಂಗಿ. ಮಂಡಿ ನೋವು, ನನ್ನನ್ನು ಆರಾಮಾಗಿರಲು ಬಿಡಿ ಅಂತ ನಿಮ್ಮ ಅಮ್ಮ. ನಡುವೆ ನೀವು.

ನಾನು ಸಿಯಾಟಲ್ ಪಕ್ಕದಲ್ಲೇ ಇದ್ದೇನೆ. ಇದೇ ದಾರಿಯಲ್ಲಿ ಎರಡು ಸಲ ಹೋಗಿ ಬಂದಿದ್ದೇನೆ. ಮೊದಲ ಸಲ ನನ್ನ ಅಪ್ಪ ಅಮ್ಮನ ಜೊತೆ, ಎರಡನೇ ಸಲ ಅತ್ತೆ ಮಾವನ ಜೊತೆ. ಮೊದಲ ಸಲ ಪೂರ್ತಿ ಎಡವಟ್ಟು ಮಾಡಿಕೊಂಡೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಆಗ ನಾನೊಂದು ಎಕ್ಸೆಲ್ ಶೀಟ್ ಮಾಡಿದ್ದೆ. ದಾರಿಯಲ್ಲಿ ಹಡಗು ನಿಲ್ಲುವುದು ಅಲಾಸ್ಕಾದ ಮೂರು ಊರುಗಳಲ್ಲಿ. ಕೆಚಿಕಾನ್‌ನಲ್ಲಿ ಬೆಳಿಗ್ಗೆ 7ಕ್ಕೇ ಇಳಿಯುವುದು, ಟೋಟೆಮ್ ಕಂಬ (ಅಲ್ಲಿನ ಮೂಲನಿವಾಸಿಗಳು ಕೆತ್ತಿದ ಮರದ ಕಂಬ) ನೋಡುವುದು, ಊರು ಸುತ್ತುವುದು. ಮರುದಿನ ಜೂನೋದಲ್ಲಿ ತಿಮಿಂಗಿಲ, ಅಲ್ಲಿಂದ ಮೆಂಡನ್‌ಹಾಲ್ ಗ್ಲೇಸಿಯರ್ (ಹಿಮನದಿ), ಅಲ್ಲಿಂದ ರೋಪ್‌ವೇ. ಅದರ ಮರುದಿನ ಸ್ಕಾಗ್ವೇದಲ್ಲಿ ರೈಲು, ರೈಲಿನಿಂದ ಇಳಿದ ಕೂಡಲೇ ನಾಯಿಗಳು ಎಳೆಯುವ ಗಾಡಿ. ಮೂರು ದಿನ ಉಸಿರಾಡಲು ಬಿಡುವಿರಲಿಲ್ಲ. ಮೂರನೇ ರಾತ್ರಿ ಅಪ್ಪ ಊಟದ ಟೇಬಲ್ಲಿನಲ್ಲೇ ತೂಕಡಿಸಿದರು.

ಮರುದಿನ ಗ್ಲೇಸಿಯರ್ ಬೇ, ಹಿಮನದಿಗಳು ಸಮುದ್ರಕ್ಕೆ ಇಳಿಯುವ ಕೊಲ್ಲಿ. ಅಲ್ಲಿ ಹಡಗಿನಿಂದ ಯಾರೂ ಇಳಿಯುವುದಿಲ್ಲ. ಹಾಗಾಗಿ ನನ್ನ ಶೀಟಿನಲ್ಲಿ ಆ ದಿನದ ಮುಂದೆ ‘ರೆಸ್ಟ್’ ಅಂತ ಬರೆದಿದ್ದೆ. ಪರದೆ ಎಳೆದು ಎಲ್ಲರೂ ಮಲಗಿದೆವು. ಎಚ್ಚರವಾದಾಗ ಹತ್ತೂವರೆ. ಡೆಕ್‌ಗೆ ಓಡಿದರೆ ಹಡಗು ಆಗಲೇ ತಿರುಗಿ ಹೊರಟಿತ್ತು. ಅಪ್ಪ ಹಿಂಬದಿಯ ಕಂಬಿ ಹಿಡಿದು ನಿಂತು, ದೂರ ಸರಿಯುತ್ತಿದ್ದ ಬಿಳಿ ಗೋಡೆಯನ್ನು ನೋಡಿ "ಇದೇನಾ ಅದು?" ಅಂದರು. "ಹೂಂ, ಅದೇ" ಅಂದೆ. ಇನ್ನೇನು ಹೇಳುವುದು?

ಅಂದರೆ ನನ್ನ ಲೆಕ್ಕ ತಲೆಕೆಳಗಾಗಿತ್ತು. ಈ ಕ್ರೂಸಿನಲ್ಲಿ ನೋಡುವ ದಿನ ಅಂದರೆ ಹಡಗು ಎಲ್ಲೂ ನಿಲ್ಲದ ದಿನ. ಆರಾಮಾಗಿರುವ ದಿನ ಅಂದರೆ ಹಡಗು ಊರಲ್ಲಿ ನಿಂತ ದಿನ. ಧಕ್ಕೆಗೆ ಹಗ್ಗ ಕಟ್ಟಿದ ಒಂದು ಗಂಟೆಯಲ್ಲಿ ಹಡಗಿನ ಮುಕ್ಕಾಲು ಜನ ಖಾಲಿ. ಬಿಸಿನೀರಿನ ಕೊಳ ನಿಮ್ಮದೇ, ಕಿಟಕಿ ಪಕ್ಕದ ಕುರ್ಚಿ ನಿಮ್ಮದೇ, ಕಾಫಿಗೆ ಸಾಲು ಇಲ್ಲ. ಅದೇ ಸಮುದ್ರದ ಮೇಲಿನ ದಿನ ಆರಾಮ ಮಾಡ್ತೀನಿ ಅಂತ ಹೋದರೆ ಎಲ್ಲ ಕುರ್ಚಿಯಲ್ಲೂ ಯಾರದೋ ಟವೆಲ್ಲು.

ಆದ್ದರಿಂದ ನನ್ನ ಸಲಹೆ: ಮೂರು ಊರಿನಲ್ಲಿ ಎರಡರಲ್ಲಿ ಮಾತ್ರ ಟೂರ್ ಮಾಡಿ, ಒಂದೊಂದರಲ್ಲಿ ಒಂದೇ ಒಂದು. ಉಳಿದ ಶಕ್ತಿಯನ್ನೆಲ್ಲ ಗ್ಲೇಸಿಯರ್ ಬೇಗೆ ಎತ್ತಿಡಿ.

ಅಲ್ಲಿ ಏನಿದೆ ಅಂತ ಹೇಳದಿದ್ದರೆ ನಿಮ್ಮ ತಂಗಿ ಒಪ್ಪುವುದಿಲ್ಲ. 1794ರಲ್ಲಿ ಬ್ರಿಟಿಷ್ ನಾವಿಕ ಕ್ಯಾಪ್ಟನ್ ವ್ಯಾಂಕೂವರ್‌ನ ಹಡಗುಗಳು ಈ ಕಡೆ ಬಂದಾಗ ಗ್ಲೇಸಿಯರ್ ಬೇ ಅನ್ನುವ ಕೊಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲ. ಬಾಯಿಯವರೆಗೂ ಮಂಜುಗಡ್ಡೆ ತುಂಬಿತ್ತು. 1879ರಲ್ಲಿ ನಿಸರ್ಗತಜ್ಞ ಜಾನ್ ಮ್ಯೂರ್ ದೋಣಿಯಲ್ಲಿ ಬಂದಾಗ ಅದು 40 ಮೈಲಿಗೂ ಹೆಚ್ಚು ಹಿಂದೆ ಸರಿದಿತ್ತು. ಈಗ ಬಾಯಿಯಿಂದ ತುದಿಗೆ ಸುಮಾರು 65 ಮೈಲಿ. ನಿಮ್ಮ ಹಡಗು ಬೆಳಿಗ್ಗೆ ಬೇಗ ಒಳಗೆ ಬರುತ್ತದೆ. ಚಿಕ್ಕ ದೋಣಿಯಲ್ಲಿ ಪಾರ್ಕ್ ರೇಂಜರ್‌ಗಳು ಬಂದು ಹತ್ತುತ್ತಾರೆ. ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಅನುಮತಿ. ಹಾಗಾಗಿ ಜಾತ್ರೆ ಅನಿಸುವುದಿಲ್ಲ. ಒಳಗೆ ಹೋದಷ್ಟೂ ಬೆಟ್ಟಗಳ ಮೇಲೆ ಮರ ಕಡಿಮೆಯಾಗುತ್ತಾ ಬರುತ್ತದೆ, ಕೊನೆಗೆ ಬರೀ ಬಂಡೆ. ಅಲ್ಲಿಂದ ಮಂಜುಗಡ್ಡೆ ಸರಿದು ಇನ್ನೂ ಜಾಸ್ತಿ ಕಾಲವಾಗಿಲ್ಲ, ಮರ ಬೆಳೆಯಲು ಮಣ್ಣೇ ಆಗಿಲ್ಲ. ರೇಂಜರ್ ಇದನ್ನು ಮೈಕಿನಲ್ಲಿ ಹೇಳುತ್ತಾ ಹೋಗುತ್ತಾರೆ. ಈ ಮಾತು ರೂಮಿನೊಳಗೆ ಕೇಳದೇ ಇರಬಹುದು. ನಾವು ಮಲಗೇ ಇದ್ದದ್ದು ಅದಕ್ಕೇ.

ತುದಿಯಲ್ಲಿ ಮಾರ್ಜರಿ ಗ್ಲೇಸಿಯರ್. ಸುಮಾರು ಒಂದು ಮೈಲಿ ಅಗಲ, ನೀರಿನ ಮೇಲೆ ಇನ್ನೂರೈವತ್ತು ಅಡಿ ಆಸುಪಾಸು ಎತ್ತರ. ಅದರ ಮುಂದೆ ಹಡಗು ಹತ್ತಿರಹತ್ತಿರ ಒಂದು ಗಂಟೆ ನಿಲ್ಲುತ್ತದೆ.

ಎರಡನೇ ಸಲ ಅತ್ತೆ ಮಾವನನ್ನು ಬೆಳಿಗ್ಗೆಯೇ ಡೆಕ್‌ನಲ್ಲಿ ಕೂರಿಸಿದೆ. ಮಾವನಿಗೆ ಮಂಕಿ ಕ್ಯಾಪು, ಅತ್ತೆಗೆ ರೂಮಿನ ಕಂಬಳಿಯನ್ನೇ ಹೊದಿಸಿ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಐಸು ಯಾಕೆ ಹೀಗೆ ನೀಲಿ? ಬಟ್ಟೆಗೆ ಹಾಕೋ ನೀಲಿಯಲ್ಲಿ ಅದ್ದಿ ತೆಗೆದ ಹಾಗಿದೆಯಲ್ಲ" ಅಂದರು. ಸಾವಿರಾರು ಟನ್ ಭಾರಕ್ಕೆ ಒತ್ತಿ ಒತ್ತಿ ಒಳಗಿನ ಗಾಳಿಯ ಗುಳ್ಳೆ ಹೋದ ಗಟ್ಟಿ ಮಂಜುಗಡ್ಡೆ ಬೆಳಕಿನ ಕೆಂಪನ್ನು ಹೀರಿಕೊಳ್ಳುತ್ತದೆ, ಉಳಿದ ನೀಲಿ ನಮ್ಮ ಕಣ್ಣಿಗೆ ಬರುತ್ತದೆ ಅಂತ ಹೇಳುತ್ತಿದ್ದೆ. ಅಷ್ಟರಲ್ಲಿ ಬಲಗಡೆ ಒಂದು ತುಂಡು ಕಳಚಿ ನೀರಿಗೆ ಜಾರಿತು. ಸದ್ದಿಲ್ಲದೆ. ಏನೂ ಆಗಿಲ್ಲವೇನೋ ಅಂದುಕೊಳ್ಳುವಷ್ಟರಲ್ಲಿ ಗುಡುಗು ಬಂತು. ಮಾವ ಮಲೆನಾಡಿನವರು. ಮಿಂಚು ಕಂಡ ಕೂಡಲೇ ಬೆರಳು ಮಡಚಿ ಎಣಿಸುವ ಅಭ್ಯಾಸ. ಮುಂದಿನ ತುಂಡು ಬಿದ್ದಾಗ ಎಣಿಸಿದರು: "ಒಂದು, ಎರ..." ಢಂ! "ಅರ್ಧ ಕಿಲೋಮೀಟರೂ ಇಲ್ಲ ಕಣೇ" ಅಂತ ಅತ್ತೆಗೆ ವರದಿ. ಆಮೇಲೆ ಆ ಒಂದು ಗಂಟೆ ಅವರು ಏಳಲೇ ಇಲ್ಲ, ಕಾಫಿ ಕಪ್ಪಿನಲ್ಲೇ ತಣ್ಣಗಾಯಿತು. ಈಗ ಹೇಳಿ, ಇದು ವಿಶ್ರಾಂತಿನಾ, ಸುತ್ತಾಟನಾ?

ಜಾಗ ಹಿಡಿಯಲು ಒದ್ದಾಡಬೇಡಿ. ಕ್ಯಾಪ್ಟನ್ ಹಡಗನ್ನು ನಿಧಾನಕ್ಕೆ ತಿರುಗಿಸುತ್ತಾರೆ, ಎಡಗಡೆಯವರಿಗೂ ಬಲಗಡೆಯವರಿಗೂ ಕಾಣುತ್ತದೆ. ಮೇಲಿನ ಡೆಕ್‌ನಲ್ಲಿ ಗಾಳಿ ಚುಚ್ಚುತ್ತದೆ. ವಯಸ್ಸಾದವರಿಗೆ ಕೆಳಗಿನ ವಾಕಿಂಗ್ ಡೆಕ್ ಒಳ್ಳೆಯದು. ಮರದ ಕುರ್ಚಿ ಇರುತ್ತದೆ, ಬಾಗಿಲು ಪಕ್ಕದಲ್ಲೇ ಇರುತ್ತದೆ, ಚಳಿಯಾದರೆ ಒಳಗೆ.

ಇನ್ನು ಊರುಗಳು.

ಕೆಚಿಕಾನ್‌ನಲ್ಲಿ ನಾನಾಗಿದ್ದರೆ ಏನೂ ಬುಕ್ ಮಾಡುವುದಿಲ್ಲ. ಅಲ್ಲಿ ವರ್ಷಕ್ಕೆ ಸುಮಾರು 150 ಇಂಚು ಮಳೆ. ಆಗುಂಬೆಯ ಅರ್ಧ ಅಂದುಕೊಳ್ಳಿ. ಅಪ್ಪ ಅಮ್ಮ ತಡವಾಗಿ ಎದ್ದು, ತಿಂಡಿ ತಿಂದು, ಮಳೆ ನಿಂತರೆ ಕ್ರೀಕ್ ಸ್ಟ್ರೀಟ್‌ವರೆಗೆ ನಡೆದು ಬರಲಿ. ಹೊಳೆಯ ಮೇಲೆ ಕಂಬ ನೆಟ್ಟು ಹಾಸಿದ ಮರದ ಬೀದಿ ಅದು, ನಡೆಯುವಷ್ಟು ಹತ್ತಿರ. ಮಳೆ ನಿಲ್ಲದಿದ್ದರೆ ಬೇಡ.

ಜೂನೋದಲ್ಲಿ ತಿಮಿಂಗಿಲ ಅಥವಾ ಮೆಂಡನ್‌ಹಾಲ್, ಎರಡರಲ್ಲಿ ಒಂದು. ಎರಡೂ ಸೇರಿಸಿದ ಪ್ಯಾಕೇಜ್ ಅಗ್ಗವಾಗಿ ಕಾಣುತ್ತದೆ, ಸಿಕ್ಕಿಹಾಕಿಕೊಳ್ಳಬೇಡಿ. ಗ್ಲೇಸಿಯರ್ ಹೇಗೂ ಬೇರೆ ದಿನ ಇದೆಯಲ್ವಾ? ನನ್ನ ಓಟು ತಿಮಿಂಗಿಲಕ್ಕೆ. ಚಳಿಗಾಲವನ್ನು ಹವಾಯಿಯಲ್ಲಿ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಬೇಸಿಗೆಯಲ್ಲಿ ಹೊಟ್ಟೆ ತುಂಬಿಸಿಕೊಳ್ಳಲು ಇಲ್ಲಿಗೆ ಬರುತ್ತವೆ. ಒಳಗೆ ಬೆಚ್ಚಗೆ ಕೂತು ನೋಡುವಂಥ ದೋಣಿ ಇದೆಯಾ ಅಂತ ಕೇಳಿ ಬುಕ್ ಮಾಡಿ. ಬಾತ್‌ರೂಮ್ ಇದೆಯಾ ಅಂತಲೂ ಕೇಳಿ, ಮೂರು ಗಂಟೆಯ ಮಾತು. ತಂಗಿಗೆ ಕಾಲು ತುರಿಸುತ್ತಿದ್ದರೆ ಅವಳೊಬ್ಬಳೇ ಬಸ್ಸಿನಲ್ಲಿ ಮೆಂಡನ್‌ಹಾಲ್‌ಗೆ ಹೋಗಲಿ. ಅಲ್ಲಿಂದ ನಗೆಟ್ ಜಲಪಾತಕ್ಕೆ ಹೋಗಿ ಬರಲು ಸುಮಾರು ಎರಡು ಮೈಲಿ, ದಾರಿ ಸಮತಟ್ಟು. ನಮ್ಮವರಿಗೆ ಎಲ್ಲರೂ ಒಟ್ಟಿಗೇ ಹೋಗಬೇಕು ಅನ್ನುವ ಹಟ ಜಾಸ್ತಿ. ಒಬ್ಬರು ಹೋಗಿ, ಮೂವರು ಉಳಿದು, ರಾತ್ರಿ ಊಟಕ್ಕೆ ಸೇರಿದರೆ ಮಾತಾಡಲು ಏನಾದರೂ ಇರುತ್ತದೆ.

ಸ್ಕಾಗ್ವೇದ ರೈಲು ಮಾತ್ರ ಬಿಡಬೇಡಿ. ಮಂಡಿ ನೋವಿನವರಿಗೆ ಇದಕ್ಕಿಂತ ಒಳ್ಳೆಯ ಟೂರ್ ಇಲ್ಲ: ಹತ್ತಿ ಕೂತರೆ ಬೆಟ್ಟವೇ ಕಿಟಕಿಗೆ ಬರುತ್ತದೆ. ವೈಟ್ ಪಾಸ್ ಅಂತ ಹೆಸರು. ಕೆನಡಾದ ಕ್ಲೋಂಡೈಕ್‌ನಲ್ಲಿ ಚಿನ್ನ ಸಿಕ್ಕಿತು ಅಂತ ಜನ ಮುಗಿಬಿದ್ದ ಚಿನ್ನದ ಹುಚ್ಚಿನ ಕಾಲದಲ್ಲಿ, 1898ರಿಂದ 1900ರ ನಡುವೆ ಹಾಕಿದ ಮೂರಡಿ ಅಗಲದ ಕಿರಿದಾದ ಹಳಿ. ಸಮುದ್ರಮಟ್ಟದಿಂದ 20 ಮೈಲಿಯಲ್ಲಿ ಮೂರು ಸಾವಿರ ಅಡಿಯ ಹತ್ತಿರ ಏರುತ್ತದೆ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ರೈಲು ಹತ್ತಿದವರಿಗೆ ಆ ತಿರುವು, ಸುರಂಗ, ಪಕ್ಕದಲ್ಲೇ ಪ್ರಪಾತ ಎಲ್ಲ ನೆನಪಾಗುತ್ತದೆ, ಹಸಿರಿನ ಬದಲು ಹಿಮ ಅಷ್ಟೇ. ಹೋಗುವಾಗ ಎಡಗಡೆ ಕೂತರೆ ನೋಟ ಚೆನ್ನ. ರೈಲು ಬರುವ ಮೊದಲು ಚಿನ್ನ ಹುಡುಕಲು ಹೊರಟವರು ಇದೇ ಬೆಟ್ಟ ಹತ್ತಿದ್ದು ಕಾಲ್ನಡಿಗೆಯಲ್ಲಿ. ಒಂದು ವರ್ಷಕ್ಕಾಗುವ ಸಾಮಾನು, ಹೆಚ್ಚುಕಡಿಮೆ ಒಂದು ಟನ್, ಜೊತೆಗಿಲ್ಲದಿದ್ದರೆ ಕೆನಡಾ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲ. ಇದನ್ನು ಕೇಳಿದ ಮಾವ, "ನಾವು 23 ಕೆಜಿ ದಾಟಿತು ಅಂತ ಏರ್‌ಪೋರ್ಟಲ್ಲಿ ಉಪ್ಪಿನಕಾಯಿ ತೆಗೆದು ಕೊಟ್ಟು ಬಂದ್ವಿ" ಅಂದರು. ರೈಲು ಹೋಗಿ ಬರಲು ಎರಡೂವರೆ ಮೂರು ಗಂಟೆ. ಇಳಿದ ಮೇಲೆ ಹಡಗಿಗೆ ವಾಪಸ್, ಮಧ್ಯಾಹ್ನ ನಿದ್ದೆ. ನಾಯಿಗಾಡಿ ಬೇಡ. ಅದರ ನಂತರದ ದಿನವೇ ಗ್ಲೇಸಿಯರ್ ಬೇ ಇದೆ ಅನ್ನುವುದು ನೆನಪಿರಲಿ. ನಿಮ್ಮ ಹಡಗಿನ ಕ್ರಮ ಬೇರೆ ಇದ್ದರೂ ಲೆಕ್ಕ ಇದೇ, ಗ್ಲೇಸಿಯರ್‌ನ ಹಿಂದಿನ ಸಂಜೆ ಖಾಲಿ ಇಡಿ.

ನಿದ್ದೆಯ ಕತೆ ಬೇರೆ. ಜೂನ್‌ನಲ್ಲಿ ಅಲ್ಲಿ ರಾತ್ರಿ ಹತ್ತಕ್ಕೂ ಬೆಳಕು, ಬೆಳಿಗ್ಗೆ ನಾಲ್ಕಕ್ಕೆ ಮತ್ತೆ ಬೆಳಕು. ಪರದೆಯ ನಡುವಿನ ಸಂದಿಯಿಂದ ಬೆಳಕು ನೇರ ಕಣ್ಣಿಗೇ ಬರುತ್ತದೆ. ಬಟ್ಟೆ ಒಣಹಾಕುವ ನಾಲ್ಕು ಕ್ಲಿಪ್ ಇಟ್ಟುಕೊಳ್ಳಿ, ಪರದೆ ಸೇರಿಸಿ ಸಿಕ್ಕಿಸಲು. ಬೆಂಗಳೂರಿಗೂ ಸಿಯಾಟಲ್‌ಗೂ ಆಗ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅವರು ಬಂದಿಳಿದು ಕನಿಷ್ಠ ಐದು ದಿನವಾದರೂ ಆಗದೆ ಹಡಗು ಹತ್ತಿಸಬೇಡಿ.

ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಕೆನಡಾದ ವ್ಯಾಂಕೂವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಸಮುದ್ರದಲ್ಲಿ ಹೋಗುತ್ತವೆ. ಹಾಗಾಗಿ ಎರಡನೇ ದಿನ ಹಡಗು ಸ್ವಲ್ಪ ಓಲಾಡಬಹುದು. ಆ ದಿನ ಯಾವ ಪ್ಲಾನೂ ಬೇಡ. ವಾಂತಿ ಮಾತ್ರೆ ವೈದ್ಯರನ್ನು ಕೇಳಿ ಮೊದಲೇ ಇಟ್ಟುಕೊಳ್ಳಿ. ಒಣ ಶುಂಠಿಯೂ ಇರಲಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲೇ ಇರಬೇಕು. ಧಕ್ಕೆಯಲ್ಲಿ ಕೊಟ್ಟ ಸೂಟ್‌ಕೇಸ್ ರೂಮಿಗೆ ಬರುವಾಗ ಕೆಲವೊಮ್ಮೆ ರಾತ್ರಿಯಾಗುತ್ತದೆ.

ಬಾಲ್ಕನಿ ರೂಮು ದಂಡವಾ ಅಂತಲೂ ಕೇಳಿದ್ದೀರಿ. ನೀವಿಬ್ಬರೇ ಅಕ್ಕ ತಂಗಿ ಹೋಗುತ್ತಿದ್ದರೆ ದಂಡ ಅನ್ನುತ್ತಿದ್ದೆ. ಅಪ್ಪ ಅಮ್ಮ ಇದ್ದರೆ ತಗೊಳ್ಳಿ. ಎರಡು ಟೂರ್ ಕಡಿಮೆ ಮಾಡಿದ ದುಡ್ಡು ಅದಕ್ಕೆ ಹೋಗಲಿ. ಹಡಗಿನ ಮಧ್ಯಭಾಗದಲ್ಲಿ, ಜಾಸ್ತಿ ಮೇಲಲ್ಲದ ಮಹಡಿಯಲ್ಲಿ ಕೇಳಿ, ಓಲಾಟ ಕಡಿಮೆ.

ಬಟ್ಟೆಗೆ ಭಾರೀ ಕೋಟು ಬೇಡ. ಒಳಗೆ ಥರ್ಮಲ್, ಮೇಲೊಂದು ಸ್ವೆಟರ್, ಅದರ ಮೇಲೆ ನೀರು ಇಳಿಯದ ಜಾಕೆಟ್. ಊರಲ್ಲಿ ಹಗಲು 15 ಡಿಗ್ರಿ ಆಸುಪಾಸು ಇದ್ದರೂ ಗ್ಲೇಸಿಯರ್ ಮುಂದೆ ಗಾಳಿಗೆ ಹಲ್ಲು ಕಟಕಟ ಅನ್ನುತ್ತದೆ. ಕೊಡೆ ತರಬೇಡಿ, ಗಾಳಿಗೆ ಮಗುಚುತ್ತದೆ.

ಸಸ್ಯಾಹಾರಿಗಳಾದರೆ ಮೊದಲ ರಾತ್ರಿಯೇ ಊಟದ ಹಾಲ್‌ನ ಮುಖ್ಯಸ್ಥರಿಗೆ ಹೇಳಿ. ಹಿಂದಿನ ದಿನ ಹೇಳಿದರೆ ನಮ್ಮ ಕಡೆಯ ಪಲ್ಯ, ದಾಲು ಮಾಡಿಕೊಡುವ ಅಡುಗೆಯವರು ಬಹಳ ಹಡಗುಗಳಲ್ಲಿದ್ದಾರೆ. ಚಟ್ನಿಪುಡಿ ಇರಲಿ. ಎಲೆಕ್ಟ್ರಿಕ್ ಕೆಟಲ್ ಮಾತ್ರ ಬೇಡ. ಬೆಂಕಿಯ ಭಯಕ್ಕೆ ಅದನ್ನು ಬಿಡುವುದಿಲ್ಲ. ನಮ್ಮದನ್ನು ಹತ್ತುವಾಗಲೇ ತೆಗೆದಿಟ್ಟುಕೊಂಡು, ಒಂದು ಚೀಟಿ ಕಟ್ಟಿ, ಕೊನೆಯ ದಿನ ಕೊಟ್ಟರು. ಅತ್ತೆಯ ಉಪ್ಪಿಟ್ಟಿನ ಮಿಕ್ಸ್ ಏಳು ದಿನ ಹಾಗೇ ಹಡಗು ಸುತ್ತಿ ಬಂತು.

ಕೊನೆಯದಾಗಿ, ಆದರೆ ಇವತ್ತೇ ನೋಡಬೇಕಾದ್ದು: ವೀಸಾ. ಸಿಯಾಟಲ್ ಕ್ರೂಸ್‌ಗಳು ಕೊನೆಯ ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುವುದು ಊರು ಚೆಂದ ಅಂತ ಮಾತ್ರ ಅಲ್ಲ. ವಿದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಒಂದು ಬಂದರಿನಿಂದ ಹೊರಟು ಅಲ್ಲಿಗೇ ಮರಳಬೇಕಾದರೆ ನಡುವೆ ಬೇರೆ ದೇಶದ ಬಂದರು ಮುಟ್ಟಲೇಬೇಕು ಅನ್ನುವುದು 1886ರ ಕಾನೂನು. ಅದರಿಂದಾಗಿ ಭಾರತೀಯ ಪಾಸ್‌ಪೋರ್ಟಿನ ನಿಮ್ಮ ಅಪ್ಪ ಅಮ್ಮನಿಗೆ ಕೆನಡಾ ವೀಸಾ ಕೂಡ ಬೇಕು, ಅಮೆರಿಕದ ವೀಸಾ ಮಲ್ಟಿಪಲ್ ಎಂಟ್ರಿ ಇರಬೇಕು. ಇಲ್ಲದಿದ್ದರೆ ಸಿಯಾಟಲ್ ಧಕ್ಕೆಯಲ್ಲೇ ನಿಲ್ಲಿಸುತ್ತಾರೆ. ಬೆರಳಚ್ಚು, ಪಾಸ್‌ಪೋರ್ಟ್ ಕಳಿಸುವುದು ಎಲ್ಲ ಸೇರಿ ಸಮಯ ಹಿಡಿಯುತ್ತದೆ. ಅವರು ಬೆಂಗಳೂರಿನಿಂದ ಹೊರಡುವ ಮೊದಲೇ ಮಾಡಿಸಿ. ಆ ವಿಕ್ಟೋರಿಯಾ ಸಂಜೆ ಇಳಿಯಬೇಕಾ ಅಂದರೆ, ಬೇಡ. ಅಷ್ಟು ಹೊತ್ತಿಗೆ ಎಲ್ಲರಿಗೂ ಸೂಟ್‌ಕೇಸ್ ಪ್ಯಾಕ್ ಮಾಡುವ ಚಿಂತೆ. ನಾವು ಬಾಲ್ಕನಿಯಲ್ಲಿ ಕೂತು ಉಳಿದ ಚಕ್ಕುಲಿ ಮುಗಿಸಿದೆವು.