ಜಿಂಕೆ ಬರಲಿ ಅಂತ ನೆಟ್ಟ ಗಿಡವನ್ನು ಜಿಂಕೆಯೇ ತಿಂದರೆ?

ಪ್ರಶ್ನೆ: ನಾನು ಸಕಲೇಶಪುರದ ಕಡೆಯವನು. ಪೆನ್ಸಿಲ್ವೇನಿಯಾದಲ್ಲಿ ಹೋದ ವರ್ಷ 22 ಎಕರೆ ಜಾಗ ತಗೊಂಡೆವು. ಅರ್ಧ ಪಾಳು ಬಿದ್ದ ಹುಲ್ಲುಗಾವಲು, ಅರ್ಧ ಕಾಡು. ಲೈಸೆನ್ಸ್ ಮಾಡಿಸಿ ಮೂರು ವರ್ಷದಿಂದ ಜಿಂಕೆ ಶಿಕಾರಿಗೆ ಹೋಗುತ್ತಿದ್ದೇನೆ. ನಮ್ಮ ಜಾಗಕ್ಕೇ ಜಿಂಕೆ ಬರಲಿ ಅಂತ ಏಪ್ರಿಲ್‌ನಲ್ಲಿ ಸೇಬು, ಚೆಸ್ಟ್‌ನಟ್ (ಸಿಹಿ ಬೀಜದ ಮರ) ಸೇರಿ 40 ಗಿಡ ನೆಟ್ಟೆ. ಜೂನ್ ಹೊತ್ತಿಗೆ ಬರೀ ಕಡ್ಡಿ ಉಳಿದಿತ್ತು. ಜಿಂಕೆಗಳೇ ಮೇಯ್ದಿವೆ. ಇನ್ನು ಯಾವ ಗಿಡ ನೆಡಲಿ ಸರ್?

ಉತ್ತರ: ನಗಬಾರದು, ಆದರೂ ನಕ್ಕೆ. ಯಾಕೆಂದರೆ ನಾನೂ ಮೊದಲ ವರ್ಷ ಇದನ್ನೇ ಮಾಡಿದ್ದೆ. ಮಲೆನಾಡಲ್ಲಿ ಬೇಲಿ ಹಾಕದೆ ಒಂದು ಬದನೆ ಗಿಡ ಇಡದ ನಾವು, ಅಮೆರಿಕಕ್ಕೆ ಬಂದ ಕೂಡಲೇ ಅದನ್ನು ಹೇಗೆ ಮರೆತೆವೋ ಗೊತ್ತಿಲ್ಲ!

ಯಾವ ಗಿಡ ಅನ್ನೋದು ಆಮೇಲಿನ ಮಾತು. ಮೊದಲು ಬೇಲಿ. ಬಿಳಿಬಾಲದ ಜಿಂಕೆ ಕತ್ತು ಚಾಚಿದರೆ ನಾಲ್ಕು ಅಡಿಯ ಚಿಗುರು ಅದಕ್ಕೆ ಲೆಕ್ಕವೇ ಅಲ್ಲ. ಸೇಬಿಗೆ 5 ಅಡಿ ಎತ್ತರದ ವೆಲ್ಡೆಡ್ ಮೆಶ್ ತಂದು, ಒಂದೊಂದು ಗಿಡಕ್ಕೂ 13 ಅಡಿ ಉದ್ದ ಕತ್ತರಿಸಿ ಸುತ್ತು ಮಾಡಿ. ಸುಮಾರು 4 ಅಡಿ ಅಗಲದ ಪಂಜರ ಆಗುತ್ತದೆ. ಎರಡು ಗೂಟ ಹೊಡೆದು ಕಟ್ಟಿ. ಚೆಸ್ಟ್‌ನಟ್, ಓಕ್ ನೆಟ್ಟಗೆ ಮೇಲೆ ಹೋಗುವ ಗಿಡಗಳು, ಅವಕ್ಕೆ 5 ಅಡಿಯ ಪ್ಲಾಸ್ಟಿಕ್ ಟ್ಯೂಬ್ ಸಾಕು. ಬುಡಕ್ಕೆ ಕಾಲು ಇಂಚು ಕಣ್ಣಿನ ಸಣ್ಣ ಜಾಲರಿ ಬೇರೆಯೇ ಸುತ್ತಬೇಕು, ಇಲ್ಲದಿದ್ದರೆ ಚಳಿಗಾಲದಲ್ಲಿ ಹಿಮದ ಅಡಿಯಲ್ಲಿ ವೋಲ್ ಅನ್ನೋ ಇಲಿ ಜಾತಿ ಬಂದು ತೊಗಟೆಯನ್ನು ಸುತ್ತಲೂ ಕೆರೆದು ತಿಂದುಬಿಡುತ್ತದೆ, ನಿಮಗೆ ಗೊತ್ತಾಗುವುದು ಹಿಮ ಕರಗಿದ ಮೇಲೆ. ಗಿಡದ ಸುತ್ತ 3 ಅಡಿ ಹುಲ್ಲು ಇರಬಾರದು. ಕಾಂಡ ಸ್ವಲ್ಪ ದಪ್ಪ ಆಯಿತು ಅಂತ ಪಂಜರ ತೆಗೆಯಬೇಡಿ. ಶರತ್ಕಾಲದಲ್ಲಿ ಗಂಡು ಜಿಂಕೆ ಕೊಂಬು ಉಜ್ಜಲು ಹುಡುಕುವುದು ಅಂಥ ಮಣಿಕಟ್ಟಿನ ಗಾತ್ರದ ಮರವನ್ನೇ.

ಈ ಖರ್ಚು, ಕೆಲಸ ಎಲ್ಲಾ ಲೆಕ್ಕ ಹಾಕಿದರೆ 40 ಗಿಡ ಜಾಸ್ತಿಯೇ ಆಯಿತು. ಈ ಸಲ ಹತ್ತು ನೆಡಿ. ಹತ್ತೂ ಉಳಿಯಲಿ.

ಇನ್ನೊಂದು ಮಾತು. ಜಿಂಕೆ ಓಡಿ ಬಂದು ತಿನ್ನುವುದು ಓಕ್ ಮರದ ಕಾಯಿ. ನಿಮ್ಮ ಕಾಡಿನ ಹನ್ನೊಂದು ಎಕರೆಯಲ್ಲಿ ಓಕ್ ಇದೆಯಾ ನೋಡಿದ್ದೀರಾ? ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ. ಹೊಸದಾಗಿ ನೆಟ್ಟ ಬಿಳಿ ಓಕ್ ಕಾಯಿ ಬಿಡಲು ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಬೇಕು. ನಮ್ಮ ಮೊಮ್ಮಕ್ಕಳು ಶಿಕಾರಿ ಮಾಡಬಹುದು ಅಷ್ಟೇ. ಆದರೆ ಈಗಾಗಲೇ ನಿಂತಿರುವ ಓಕ್ ಮರಕ್ಕೆ ಬಿಸಿಲು ಕೊಟ್ಟರೆ ಕೆಲವೇ ವರ್ಷಗಳಲ್ಲಿ ಕಾಯಿ ಹೆಚ್ಚುತ್ತದೆ. ಸೆಪ್ಟೆಂಬರ್‌ನಲ್ಲಿ ಕಾಡು ಸುತ್ತಿ, ಚೆನ್ನಾಗಿ ಕಾಯಿ ಹಿಡಿದ ಮರಗಳಿಗೆ ರಿಬ್ಬನ್ ಕಟ್ಟಿ. ಚಳಿಗಾಲದಲ್ಲಿ ಅವುಗಳ ನೆತ್ತಿಗೆ ಒತ್ತಿಕೊಂಡು ನಿಂತ ಮೇಪಲ್, ಬೀಚ್ ಮರಗಳನ್ನು ಕಡಿಸಿ.

ಎಲೆಯ ಅಂಚು ದುಂಡಗಿದ್ದರೆ ಬಿಳಿ ಓಕ್ ಗುಂಪು, ಚೂಪಾಗಿ ಮುಳ್ಳಿನ ತುದಿ ಇದ್ದರೆ ಕೆಂಪು ಓಕ್ ಗುಂಪು. ಬಿಳಿಯದು ಒಂದೇ ವರ್ಷದಲ್ಲಿ ಬಲಿತು ಬೀಳುತ್ತದೆ, ಒಗರು ಕಡಿಮೆ, ಜಿಂಕೆ ಮೊದಲು ಅದಕ್ಕೇ ಓಡುತ್ತದೆ. ಕೆಂಪಿನ ಕಾಯಿ ಬಲಿಯಲು ಎರಡು ವರ್ಷ ಬೇಕು, ಒಗರು ಜಾಸ್ತಿ. ಅದಕ್ಕೇ ಚಳಿಗಾಲದವರೆಗೂ ನೆಲದ ಮೇಲೆ ಉಳಿದಿರುತ್ತದೆ. ಎರಡೂ ಬೇಕು. ಓಕ್ ಪ್ರತಿ ವರ್ಷ ಒಂದೇ ಸಮ ಬಿಡುವುದಿಲ್ಲ, ನಮ್ಮ ಮಾವಿನ ಹಾಗೆ. ನೆಟ್ಟ ಗಿಡಗಳು ಕೈ ಹಿಡಿಯುವುದು ಓಕ್ ಕೈಕೊಟ್ಟ ವರ್ಷಗಳಲ್ಲಿ.

ಈಗ ಹತ್ತು ಗಿಡದ ವಿಷಯ. ನಾಲ್ಕು ಚೆಸ್ಟ್‌ನಟ್ ಹಾಕಿ. ಒಂದೇ ಮರ ಇದ್ದರೆ ಕಾಯಿ ಕಟ್ಟುವುದಿಲ್ಲ, ಪರಾಗಕ್ಕೆ ಇನ್ನೊಂದು ಹತ್ತಿರದಲ್ಲೇ ಬೇಕು. ಒಗರಿಲ್ಲ, ಸಿಹಿ, ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಒಂದು ಕಾಲದಲ್ಲಿ ಇಲ್ಲಿನ ಕಾಡು ತುಂಬ ಇದ್ದದ್ದು ಅಮೆರಿಕನ್ ಚೆಸ್ಟ್‌ನಟ್. 1904ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದ ಮರಗಳಲ್ಲಿ ಒಂದು ಶಿಲೀಂಧ್ರ ರೋಗ ಕಾಣಿಸಿತು. ಅರ್ಧ ಶತಮಾನದೊಳಗೆ ಸುಮಾರು 400 ಕೋಟಿ ಮರ ಹೋದವು ಅನ್ನುತ್ತಾರೆ. ಹಾಗಾಗಿ ಚೀನಾದ ತಳಿ ಅಥವಾ ಅದರ ಮಿಶ್ರ ತಳಿ ಕೇಳಿ. ಓಕ್ ಹಾಗೆ ದಶಕಗಟ್ಟಲೆ ಕಾಯಿಸುವುದಿಲ್ಲ. ಹುಳಿ ಮಣ್ಣು ಅದಕ್ಕೆ ಇಷ್ಟ, ನೀರು ನಿಲ್ಲುವ ಜಾಗ ಆಗಲ್ಲ. ಹುಲ್ಲುಗಾವಲಿನ ತಗ್ಗಿನಲ್ಲಿ ಬೇಡ.

ಉಳಿದ ಆರು ಸೇಬು. ಅಂಗಡಿಯಲ್ಲಿ ಚೆಂದ ಕಾಣುವ ತಳಿ ನಿಮಗೆ ಬೇಡ, ಔಷಧಿ ಹೊಡೆಯುತ್ತಾ ಕೂರಲು ಯಾರಿಗೆ ಪುರುಸೊತ್ತು? ಲಿಬರ್ಟಿ, ಎಂಟರ್‌ಪ್ರೈಸ್ ಥರದ ರೋಗ ತಡೆಯುವ ತಳಿ ಹಾಕಿ. ಈ ಆರರಲ್ಲೇ ಎರಡು, ತಡವಾಗಿ ಹಣ್ಣು ಉದುರಿಸುವ ಕ್ರ್ಯಾಬ್ ಆಪಲ್ (ಸಣ್ಣ ಹುಳಿ ಸೇಬು) ಇರಲಿ. ಇದು ಮುಖ್ಯ. ಆಗಸ್ಟ್‌ನಲ್ಲಿ ಉದುರಿ ಮುಗಿದರೆ ಜಿಂಕೆಗೆ ಲಾಭ, ನಿಮಗಲ್ಲ. ಬಿಲ್ಲಿನ ಸೀಸನ್ ಜೋರಾಗುವುದು ಅಕ್ಟೋಬರ್‌ನಲ್ಲಿ, ಬಂದೂಕಿನದು ಶುರುವಾಗುವುದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ. ಕುಳ್ಳ ಕಸಿ ಬೇಡ, ಪೂರ್ತಿ ಎತ್ತರ ಬೆಳೆಯುವ ಅಡಿಗಿಡದ ಮೇಲೆ ಕಟ್ಟಿದ್ದು ಕೇಳಿ ತನ್ನಿ. ಮತ್ತೆ, ಬೇಲಿ ಸಾಲಿನಲ್ಲಿ ಬ್ಲ್ಯಾಕ್ ವಾಲ್‌ನಟ್ ಇದ್ದರೆ ಸೇಬನ್ನು ಅದರಿಂದ ದೂರ ಇಡಿ. ಅದರ ಬೇರಿನ ವಿಷ ಸೇಬನ್ನು ಕೊಲ್ಲುತ್ತದೆ. ಅದರ ಗಟ್ಟಿ ಕಾಯಿ ಅಳಿಲಿಗೇ ಹೊರತು ಜಿಂಕೆಗಲ್ಲ.

ನೆಡುವ ಮುಂಚೆ ಅಟ್ಟಣೆ ಎಲ್ಲಿ ಕಟ್ಟುತ್ತೀರಿ ಅಂತ ಯೋಚಿಸಿ. ನೀವು ಅಟ್ಟಣೆಗೆ ನಡೆದು ಹೋಗುವ ದಾರಿಯ ಗಾಳಿ ಗಿಡಗಳ ಕಡೆ ಬೀಸಿದರೆ, ವಾಸನೆ ಹಿಡಿದ ಜಿಂಕೆ ರಾತ್ರಿ ಮಾತ್ರ ಬಂದು ತಿಂದು ಹೋಗುತ್ತದೆ.

ಪ್ರಶ್ನೆ: ನಮ್ಮ ಹಿತ್ತಲಿನ ಎರಡು ಪರ್ಸಿಮನ್ ಮರ ಎತ್ತರ ಬೆಳೆದಿವೆ, ಹೂ ಬಿಡುತ್ತವೆ, ಹಣ್ಣೇ ಇಲ್ಲ. ಗೊಬ್ಬರ ಹಾಕಬೇಕಾ? (ವರ್ಜೀನಿಯಾ)

ಉತ್ತರ: ಗೊಬ್ಬರ ಬೇಡ. ಅಮೆರಿಕನ್ ಪರ್ಸಿಮನ್‌ನಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬಹುಶಃ ನಿಮ್ಮವು ಎರಡೂ ಗಂಡು. ಒಂದಕ್ಕೆ ಹೆಣ್ಣು ಮರದ ಕಡ್ಡಿ ಕಸಿ ಕಟ್ಟಿ. ನಮ್ಮ ಬೀಡಿ ಎಲೆ ಮರದ ನೆಂಟ ಇದು. ಪೂರ್ತಿ ಹಣ್ಣಾಗುವ ಮೊದಲು ಬಾಯಿಗೆ ಹಾಕಬೇಡಿ, ನಾಲಿಗೆ ಮಡಚಿಹೋಗುತ್ತೆ.

ಪ್ರಶ್ನೆ: ರಸ್ತೆ ಬದಿಯಲ್ಲಿ ವಸಂತದಲ್ಲಿ ಬಿಳಿ ಹೂ ತುಂಬುವ ಮರಸೇಬಿನ ಜಾತಿ ಬೇಗ ಬೆಳೆಯುತ್ತಲ್ಲಾ, ಜಿಂಕೆಗೆ ಅದನ್ನೇ ಹಾಕಬಹುದಾ? (ಒಹಾಯೊ)

ಉತ್ತರ: ಬೇಡ. ಅದು ಕ್ಯಾಲರಿ ಪೇರ್. ಹಕ್ಕಿಗಳು ಬೀಜ ಹರಡಿ ಪಾಳು ಹೊಲಗಳನ್ನೆಲ್ಲ ಅದೇ ಆಕ್ರಮಿಸಿದೆ. ನಿಮ್ಮ ಒಹಾಯೊದಲ್ಲಿ 2023ರಿಂದ ಅದನ್ನು ಮಾರುವುದು, ನೆಡುವುದು ನಿಷೇಧ. ಪೆನ್ಸಿಲ್ವೇನಿಯಾದಲ್ಲೂ 2024ರಿಂದ ಮಾರುವಂತಿಲ್ಲ. ಹೂವಿನ ವಾಸನೆಯೋ, ದೇವರಿಗೇ ಪ್ರೀತಿ.

ಪ್ರಶ್ನೆ: ಇಷ್ಟು ವರ್ಷ ಕಾಯುವ ಬದಲು ಒಂದು ಮೂಟೆ ಜೋಳ ಸುರಿದರೆ ಆಗಲ್ವಾ? ಹಣ್ಣಿನ ಮರದ ಕೆಳಗೆ ಹೊಡೆಯುವುದೂ ಅದೇ ತಾನೇ? (ಪೆನ್ಸಿಲ್ವೇನಿಯಾ)

ಉತ್ತರ: ಒಂದೇ ಅನಿಸಿದರೂ ಕಾನೂನಿಗೆ ಒಂದೇ ಅಲ್ಲ. ಪೆನ್ಸಿಲ್ವೇನಿಯಾದ ಬಹುಪಾಲು ಕಡೆ ಆಮಿಷ ಸುರಿದು ಬೇಟೆಯಾಡುವಂತಿಲ್ಲ. ಮರದಿಂದ ತಾನಾಗಿ ಬಿದ್ದ ಹಣ್ಣು ಆಮಿಷವಲ್ಲ. ಅದೇ ಹಣ್ಣನ್ನು ಬುಟ್ಟಿಯಲ್ಲಿ ತುಂಬಿ ತಂದು ಅಟ್ಟಣೆಯ ಮುಂದೆ ರಾಶಿ ಹಾಕಿದಿರೋ, ಆಮಿಷ. ಒಂದೊಂದು ರಾಜ್ಯದ ನಿಯಮ ಒಂದೊಂದು ಥರ, ಆಯಾ ವರ್ಷದ ನಿಯಮ ಪುಸ್ತಕ ಓದಿಯೇ ಹೋಗಿ.

ಇದರ ಹಿಂದೆ ರೋಗದ ಭಯವೂ ಇದೆ. ಜಿಂಕೆಯ ಮಿದುಳು ತಿನ್ನುವ ಸಿಡಬ್ಲ್ಯುಡಿ (ಕ್ರಾನಿಕ್ ವೇಸ್ಟಿಂಗ್ ಡಿಸೀಸ್) ಅನ್ನೋ ರೋಗ ಮೊದಲು ಕಂಡದ್ದು 1967ರಲ್ಲಿ ಕೊಲೊರಾಡೊದಲ್ಲಿ, ಪೆನ್ಸಿಲ್ವೇನಿಯಾದಲ್ಲಿ 2012ರಲ್ಲಿ. ಅದಕ್ಕೆ ಮದ್ದಿಲ್ಲ. ಜೊಲ್ಲು, ಮೂತ್ರದಿಂದ ಹರಡುತ್ತದೆ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಒಂದೇ ರಾಶಿಗೆ ಹತ್ತು ಜಿಂಕೆ ಮೂತಿ ಇಟ್ಟರೆ ಏನಾಗುತ್ತೆ ನೀವೇ ಯೋಚಿಸಿ. ಅದಕ್ಕೇ ನಾನು ಹತ್ತು ಗಿಡವನ್ನೂ ಒಂದೇ ಕಡೆ ಒತ್ತೊತ್ತಾಗಿ ನೆಡಬೇಡಿ ಅನ್ನುತ್ತೇನೆ. ಅಲ್ಲಲ್ಲಿ ಚದುರಿಸಿ.

ಪ್ರಶ್ನೆ: ನಮ್ಮದು ಕಾಫಿ ತೋಟ, ಪಕ್ಕದಲ್ಲೇ ಕಾಡು. ಅಂಚಿನಲ್ಲಿ ಹಣ್ಣಿನ ಮರ ಹಾಕಿದರೆ ನಮಗೂ ಜಿಂಕೆ ಬರುತ್ತಾ? ಆಮೇಲೆ ಒಂದು ಈಡು…? (ಚಿಕ್ಕಮಗಳೂರು)

ಉತ್ತರ: ಕೊನೆಯ ಮಾತು ತಮಾಷೆಗೆ ಬರೆದದ್ದು ಅಂತ ಓದಿಕೊಂಡೆ. 1972ರ ವನ್ಯಜೀವಿ ಕಾಯ್ದೆ ಇದೆ, ಜೈಲಿಗೆ ಹೋಗುತ್ತೀರಿ. ಇಲ್ಲಿ ಅಮೆರಿಕದಲ್ಲಿ ಬೇಟೆ ನಿಲ್ಲಿಸಿದ ಜಾಗದಲ್ಲಿ ಜಿಂಕೆ ವಿಪರೀತ ಹೆಚ್ಚಿ ಕಾಡಿನ ಸಸಿಗಳನ್ನೇ ಬೋಳು ಮಾಡುತ್ತವೆ. ನಿಮ್ಮ ಕಡೆ ಹುಲಿ, ಚಿರತೆ, ಕಾಡುನಾಯಿ ಬೇಟೆಯ ಕೆಲಸ ಮಾಡುತ್ತಿವೆ, ನಿಮ್ಮ ಸಹಾಯ ಬೇಕಿಲ್ಲ.

ನೋಡಲಿಕ್ಕೆ ಬರಲಿ ಅನ್ನುವುದಾದರೆ ನೆಲ್ಲಿ ಹಾಕಿ. ಚುಕ್ಕೆ ಜಿಂಕೆಗೆ ನೆಲ್ಲಿಕಾಯಿ ಅಂದರೆ ಪ್ರಾಣ. ನುಂಗಿ, ಆಮೇಲೆ ಎಲ್ಲೋ ಕೂತು ಮೆಲುಕು ಹಾಕುವಾಗ ಬೀಜ ಉಗುಳುತ್ತದೆ, ಹಾಗೆ ನೆಲ್ಲಿ ಕಾಡೆಲ್ಲ ಹರಡುತ್ತದೆ. ಹಲಸು ಮಾತ್ರ ಅಂಚಿಗೆ ಹೊಸದಾಗಿ ನೆಡಬೇಡಿ, ಇದ್ದ ಮರದ ಕಾಯಿಗಳನ್ನು ಎಳೆಯದರಲ್ಲೇ ಇಳಿಸಿಬಿಡಿ. ಆ ವಾಸನೆಗೆ ಮೊದಲು ಬರುವುದು ಆನೆ.