2019ರಲ್ಲಿ ಜಿಯೋ ತಗೊಂಡ 6 ಪೈಸೆ ಯಾರ ಜೇಬಿಗೆ ಹೋಯಿತು?

ನಿಮ್ಮ ಪ್ರಶ್ನೆ: ಕರೆ ಎಲ್ಲಾ ಫ್ರೀ ಅಂತ ಬಂದ ಜಿಯೋ 2019ರಲ್ಲಿ ಬೇರೆ ನೆಟ್‌ವರ್ಕ್‌ನ ಕರೆಗೆ ನಿಮಿಷಕ್ಕೆ 6 ಪೈಸೆ ಹಾಕಿತಲ್ಲ, ಆ ದುಡ್ಡು ಎಲ್ಲಿಗೆ ಹೋಯಿತು?

ಏರ್‌ಟೆಲ್, ವೊಡಾಫೋನ್ ಐಡಿಯಾದಂಥ ಕಂಪನಿಗಳಿಗೆ. ಜಿಯೋದಿಂದ ಏರ್‌ಟೆಲ್ ನಂಬರಿಗೆ ಮಾತಾಡಿದರೆ, ಕರೆ ಮುಟ್ಟಿಸಿದ್ದಕ್ಕೆ ಜಿಯೋ ಏರ್‌ಟೆಲ್‌ಗೆ ದುಡ್ಡು ಕೊಡಬೇಕಿತ್ತು. ಅದೇ ಐಯುಸಿ, ಅಂದರೆ ಇಂಟರ್‌ಕನೆಕ್ಟ್ ಬಳಕೆ ಶುಲ್ಕ. ದರ ಗೊತ್ತು ಮಾಡುವುದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಟ್ರಾಯ್. 14 ಪೈಸೆ ಇದ್ದದ್ದನ್ನು 2017ರ ಅಕ್ಟೋಬರ್‌ನಿಂದ 6ಕ್ಕೆ ಇಳಿಸಿ, 2020ರ ಜನವರಿಯಿಂದ ಸೊನ್ನೆ ಅಂದಿತು. ಹಳೇ ಕಂಪನಿಗಳ ಆದಾಯಕ್ಕೆ ಕತ್ತರಿ ಬಿತ್ತು, ವಿಷಯ ಬಾಂಬೆ ಹೈಕೋರ್ಟಿಗೆ ಹೋಯಿತು. ಆಮೇಲೆ 2019ರಲ್ಲಿ, ಸೊನ್ನೆ ಮಾಡುವುದನ್ನು ಮುಂದಕ್ಕೆ ಹಾಕೋಣವೇ ಅಂತ ಟ್ರಾಯ್ ಚರ್ಚೆಗೆ ಇಟ್ಟಿತು. ಜಿಯೋ ತಕ್ಷಣ ಖರ್ಚನ್ನು ಗ್ರಾಹಕರ ತಲೆಗೆ ಕಟ್ಟಿತು. 10 ರೂಪಾಯಿ ಟಾಪ್‌ಅಪ್‌ಗೆ 124 ನಿಮಿಷ, ಜೊತೆಗೆ 1 ಜಿಬಿ ಡೇಟಾ ಪುಕ್ಕಟೆ. ಡೇಟಾ ವಾಪಸ್ ಕೊಟ್ಟದ್ದು ನೋಡಿದರೆ, ವಸೂಲಿಗಿಂತ ಟ್ರಾಯ್ ಮೇಲೆ ಒತ್ತಡ ಹಾಕುವ ಉದ್ದೇಶವೇ ಜಾಸ್ತಿ ಇತ್ತು ಅಂತ ನನಗನಿಸುತ್ತದೆ.

ಅದೇ ಹೊತ್ತಿಗೆ ಇನ್ನೊಂದು ಜಗಳ ನಡೆದಿತ್ತು, ರಿಂಗಿನದ್ದು. ಹೊರಹೋಗುವ ಕರೆಯ ರಿಂಗ್ ಸಮಯವನ್ನು ಜಿಯೋ 20-25 ಸೆಕೆಂಡಿಗೆ ಇಳಿಸಿತ್ತು. ಏರ್‌ಟೆಲ್ ಇಟ್ಟುಕೊಂಡ ಮನೆಯ ವಯಸ್ಸಾದವರು ಒದ್ದೆ ಕೈ ಒರೆಸಿಕೊಂಡು ಅಡುಗೆಮನೆಯಿಂದ ಬರುವಷ್ಟರಲ್ಲಿ ಕಟ್! ಆಮೇಲೆ ಅವರೇ ವಾಪಸ್ ಮಾಡುತ್ತಾರೆ ಅಲ್ವಾ? ಈಗ ಕರೆ ಹುಟ್ಟಿದ್ದು ಏರ್‌ಟೆಲ್‌ನಲ್ಲಿ, ಹಾಗಾಗಿ 6 ಪೈಸೆ ಕೊಡುವುದು ಏರ್‌ಟೆಲ್. ಇದು ಬೇಕಂತಲೇ ಮಾಡಿದ ಆಟ ಅಂತ ಏರ್‌ಟೆಲ್ ದೂರಿತು, ಕೊನೆಗೆ ತಾನೂ 25ಕ್ಕೆ ಇಳಿಸಿತು. ಜಿಯೋ ಹೇಳಿದ್ದು ಉಲ್ಟಾ: ನಮ್ಮಲ್ಲಿ ಕರೆ ಫ್ರೀ ಅಂತ ನಿಮ್ಮ 2ಜಿ ಗ್ರಾಹಕರೇ ಸುಮ್ನೆ ಮಿಸ್ಡ್ ಕಾಲ್ ಕೊಡುತ್ತಾರೆ, ವಾಪಸ್ ಮಾಡಿ ದುಡ್ಡು ಕಟ್ಟುವವರು ನಾವು. ಕೊನೆಗೆ ಟ್ರಾಯ್ ಮೊಬೈಲಿಗೆ 30 ಸೆಕೆಂಡ್, ಲ್ಯಾಂಡ್‌ಲೈನ್‌ಗೆ 60 ಅಂತ ಕಟ್ಟುನಿಟ್ಟು ಮಾಡಿತು. ಐಯುಸಿ ಸೊನ್ನೆಯಾಗಿದ್ದು ಒಂದು ವರ್ಷ ತಡವಾಗಿ, 2021ರ ಜನವರಿ 1ಕ್ಕೆ.

ಹಳೇ ಕಂಪನಿಗಳೂ ಸಾಚಾ ಏನಲ್ಲ. 2016ರಲ್ಲಿ ಜಿಯೋ ಶುರುವಾದಾಗ ಎರಡು ನೆಟ್‌ವರ್ಕ್ ಸೇರುವ ಕಡೆ ಸಾಕಷ್ಟು ಲೈನು ಕೊಡಲಿಲ್ಲ ಅನ್ನುವ ಆರೋಪ ಅವರ ಮೇಲಿದೆ. ಅಲ್ಲಿ 1000 ಕರೆಗೆ 5ಕ್ಕಿಂತ ಜಾಸ್ತಿ ಲೈನು ಸಿಗದೆ ಬಿದ್ದು ಹೋಗಬಾರದು ಅನ್ನುವುದು ನಿಯಮ. ಬಿದ್ದದ್ದು ದಿನಕ್ಕೆ ಕೋಟಿಗಟ್ಟಲೆ. ಫ್ರೀ ಕರೆಗಳ ಪ್ರವಾಹವನ್ನು ಯಾರು ತಡೆದುಕೊಳ್ಳುತ್ತಾರೆ ಅನ್ನುವುದು ಅವರ ವಾದ. ಏರ್‌ಟೆಲ್, ಆಗಿನ್ನೂ ಬೇರೆ ಬೇರೆಯಾಗಿದ್ದ ವೊಡಾಫೋನ್ ಮತ್ತು ಐಡಿಯಾ, ಮೂವರೂ ಒಳಗೊಳಗೇ ಮಾತಾಡಿಕೊಂಡು ಹೀಗೆ ಮಾಡಿದರು ಅನ್ನುವ ದೂರು ಸ್ಪರ್ಧಾ ಆಯೋಗದಿಂದ ಸುಪ್ರೀಂ ಕೋರ್ಟ್ ತನಕ ಹೋಯಿತು. ಮೊದಲು ಟ್ರಾಯ್ ತನ್ನ ಕೆಲಸ ಮುಗಿಸಲಿ, ಆಮೇಲೆ ಆಯೋಗ ನೋಡಲಿ ಅಂತ 2018ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿತು.

ಟ್ರಾಯ್ 2016ರಲ್ಲೇ ಏರ್‌ಟೆಲ್, ವೊಡಾಫೋನ್‌ಗೆ ತಲಾ 1050 ಕೋಟಿ, ಐಡಿಯಾಗೆ 950 ಕೋಟಿ ದಂಡ ಹಾಕಿ ಅಂತ ಶಿಫಾರಸು ಮಾಡಿತ್ತು. ದೂರಸಂಪರ್ಕ ಇಲಾಖೆ ನೋಟಿಸ್ ಕೊಟ್ಟಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಅಷ್ಟೊತ್ತಿಗೆ ವೊಡಾಫೋನ್, ಐಡಿಯಾ ಎರಡೂ ಒಂದೇ ಕಂಪನಿಯಾಗಿದ್ದವು. ಹಾಗಾಗಿ 2000 ಕೋಟಿ ಒಟ್ಟಿಗೇ ಅದರ ಮೇಲೆ ಬಿತ್ತು.