ಕೇಳುವ ಮೊದಲೇ ಹೇಳಿಬಿಡಿ: ಕಾರು ಮಾರುವವರ ಪ್ರಶ್ನೆಗಳಿಗೆ ಉತ್ತರ

ಹತ್ತೊಂಬತ್ತು ವರ್ಷ ನಾನು ಶೋರೂಮಿನಲ್ಲಿ ಕಾರು ಮಾರಿದ್ದೇನೆ. ಈಗ ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರಿಗೆ ಹೇಳಿಕೊಡುತ್ತೇನೆ. ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮಾರುವವರಿಂದಲೇ ಬಂದಿವೆ. ಒಂದು ಮಾತ್ರ ಕೊಳ್ಳಲು ಹೋದವರದು. ಅದನ್ನು ಮಾರುವವರು ಎರಡು ಸಲ ಓದಬೇಕು ಅಂತ ನನ್ನ ಆಸೆ.

ಪ್ರಶ್ನೆ: ಮೇಡಂ, ಕೆಲಸಕ್ಕೆ ಸೇರಿ ಎಂಟು ತಿಂಗಳಾಯಿತು. ಗಿರಾಕಿಗಳು ಒಳಗೆ ಬಂದ ಕೂಡಲೇ ನಗುತ್ತಾ ಎದುರು ಹೋಗುತ್ತೇನೆ. ‘ಸುಮ್ನೆ ನೋಡೋಕೆ ಬಂದ್ವಿ’ ಅಂತ ದೂರ ಸರಿಯುತ್ತಾರೆ. ನಾನು ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಅವರಿಗೆ ಭಯ. ಬಹಳ ಜನರಿಗೆ ಮನೆ ಬಿಟ್ಟರೆ ಕಾರೇ ದೊಡ್ಡ ಖರ್ಚು. ನೀವು ಈ ವ್ಯವಹಾರ ದಿನಾ ಮಾಡುತ್ತೀರಿ. ಅವರು ಎಷ್ಟೋ ವರ್ಷಕ್ಕೊಮ್ಮೆ ಮಾಡುತ್ತಾರೆ. ಒಳಗುಟ್ಟು ಯಾರಿಗೆ ಗೊತ್ತು ಅನ್ನುವುದು ಅವರಿಗೂ ತಿಳಿದಿದೆ. ಅದಕ್ಕೇ ‘ಸುಮ್ನೆ’ ಅನ್ನುತ್ತಾರೆ.

ಸುಮ್ನೆ ನೋಡಲಿ ಬಿಡಿ. ‘ಬಾಗಿಲು ತೆಗೆದೇ ಇದೆ, ಒಳಗೆ ಕೂತು ನೋಡಿ, ನಾನು ಆ ಮೇಜಿನ ಹತ್ತಿರ ಇರ್ತೀನಿ’ ಅಂತ ಹೇಳಿ, ನಿಜವಾಗಿಯೂ ಅಲ್ಲೇ ಇರಿ. ಅವರು ಏನನ್ನು ಮುಟ್ಟುತ್ತಾರೆ ಅಂತ ಗಮನಿಸಿ. ಮೊದಲು ಡಿಕ್ಕಿ ತೆಗೆದವರಿಗೆ ಸಾಮಾನಿನ ಚಿಂತೆ. ಸೀದಾ ಹಿಂದಿನ ಸೀಟಿಗೆ ಹೋಗಿ ಕೂತವರಿಗೆ ಮನೆಯವರ ಚಿಂತೆ.

ಒಮ್ಮೆ ಗಂಡ ಹೆಂಡತಿ ಬಂದಿದ್ದರು. ಜೊತೆಗೆ ಗಂಡನ ತಾಯಿ. ನನ್ನ ಸಹೋದ್ಯೋಗಿ ಮಗನಿಗೆ ಇಂಜಿನ್ನು, ಪರದೆ, ಸನ್‌ರೂಫ್ ಎಲ್ಲಾ ವಿವರಿಸುತ್ತಿದ್ದ. ತಾಯಿ ಮುಂದಿನ ಬಾಗಿಲು ಹಿಡಿದು ನಿಂತಿದ್ದರು. ಆಮೇಲೆ ಸೀಟಿನ ಅಂಚಿನಲ್ಲಿ ಮೆಲ್ಲಗೆ ಕೂತರು. ಮೊಣಕಾಲಿನ ಕೆಳಗೆ ಎರಡೂ ಕೈ ಕೊಟ್ಟು ಕಾಲನ್ನು ಎತ್ತಿ ಒಳಗಿಟ್ಟುಕೊಂಡರು. ಚಪ್ಪಲಿ ಬಾಗಿಲ ಅಂಚಿಗೆ ತಗುಲಿ ಹೊರಗೆ ಬಿತ್ತು. ಯಾರೂ ನೋಡಲಿಲ್ಲ. ನಾನು ಚಪ್ಪಲಿ ಎತ್ತಿಕೊಟ್ಟು, ‘ಹತ್ತೋದು ಕಷ್ಟವಾ ಅಮ್ಮ, ಇಳಿಯೋದಾ?’ ಅಂದೆ. ‘ಇಳಿಯೋದು ಕಣಮ್ಮಾ. ಹಳ್ಳದಿಂದ ಎದ್ದ ಹಾಗೆ ಆಗುತ್ತೆ’ ಅಂದರು.

ಪಕ್ಕದಲ್ಲೇ ಇನ್ನೊಂದು ಕಾರಿತ್ತು. ಅದರ ಸೀಟು ಅವರ ಸೊಂಟದ ಮಟ್ಟಕ್ಕಿತ್ತು. ಅದರಲ್ಲಿ ಕೂತರು, ಎದ್ದರು. ಮತ್ತೆ ಕೂತರು, ಎದ್ದರು. ಮೂರನೇ ಸಲ ಬಾಗಿಲನ್ನೂ ಹಿಡಿದುಕೊಳ್ಳಲಿಲ್ಲ. ಮಗ ಕಣ್ಣಿಟ್ಟಿದ್ದ ಕಾರಿಗಿಂತ ಅದರ ಬೆಲೆ ಕಡಿಮೆ. ಅದನ್ನೇ ಕೊಂಡರು. ಆಮೇಲೆ ಇಂಜಿನ್ ಬಗ್ಗೆ ಒಂದು ಪ್ರಶ್ನೆಯನ್ನೂ ಅವರು ಕೇಳಲಿಲ್ಲ.

ಹಾಗಾಗಿ ‘ಬಜೆಟ್ ಎಷ್ಟು ಸರ್?’ ಅಂತ ಶುರು ಮಾಡಬೇಡಿ. ಯಾರು ಓಡಿಸುತ್ತಾರೆ, ಯಾರೆಲ್ಲಾ ಕೂರುತ್ತಾರೆ, ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ, ಈಗಿನ ಗಾಡಿಯಲ್ಲಿ ಏನು ಬೇಸರವಾಗಿದೆ ಅಂತ ಕೇಳಿ. ಕೊನೆಯ ಪ್ರಶ್ನೆ ನನಗೆ ಬಹಳ ಇಷ್ಟ. ಅದಕ್ಕೆ ಯಾರೂ ಒಂದೇ ಮಾತಿನಲ್ಲಿ ಉತ್ತರ ಕೊಡುವುದಿಲ್ಲ.

ಪ್ರಶ್ನೆ: ನನ್ನ ದುಡ್ಡು, ನಾನು ಓಡಿಸುವ ಕಾರು. ತಮ್ಮನನ್ನು ಜೊತೆಗೆ ಕರೆದುಕೊಂಡು ಹೋಗಿದ್ದೆ, ಅಷ್ಟೆ. ನಾನು ಕೇಳಿದ ಪ್ರತಿ ಪ್ರಶ್ನೆಗೂ ಸೇಲ್ಸ್‌ನವರು ಅವನ ಮುಖ ನೋಡಿ ಉತ್ತರ ಕೊಟ್ಟರು. ಬಣ್ಣದ ವಿಷಯ ಬಂದಾಗ ಮಾತ್ರ ನನ್ನ ಕಡೆ ತಿರುಗಿದರು. ಇದು ಎಲ್ಲಾ ಕಡೆ ಹೀಗೇನಾ?

ಉತ್ತರ: ಓದಿ ನನಗೆ ಸಿಟ್ಟು ಬಂತು. ನಾನು ಮಾರುವವಳಾಗಿದ್ದಾಗಲೂ ‘ಸೇಲ್ಸ್‌ನವರನ್ನು ಕರೀರಿ’ ಅಂತ ನನ್ನ ಹತ್ತಿರವೇ ಹೇಳಿದವರಿದ್ದರು.

ಇದು ಬರೀ ನಡವಳಿಕೆಯ ಮಾತಲ್ಲ, ಬೆಲೆಯಲ್ಲೂ ಕಾಣಿಸಿಕೊಂಡಿದೆ. ಇಯಾನ್ ಏರ್ಸ್ ಎಂಬ ಕಾನೂನು ಪ್ರಾಧ್ಯಾಪಕರು ಅಮೆರಿಕದ ಶಿಕಾಗೊ ಸುತ್ತಮುತ್ತ ಒಂದು ಪರೀಕ್ಷೆ ಮಾಡಿ 1991ರಲ್ಲಿ ಪ್ರಕಟಿಸಿದರು. ಒಂದೇ ರೀತಿ ಮಾತಾಡಲು ತರಬೇತಿ ಕೊಟ್ಟವರನ್ನು ಕಾರು ಡೀಲರ್‌ಗಳ ಹತ್ತಿರ ಕಳಿಸಿದ್ದರು. ಬಿಳಿಯ ಗಂಡಸರಿಗೆ ಹೇಳಿದ ಬೆಲೆಗಿಂತ ಹೆಂಗಸರಿಗೂ ಕರಿಯ ಜನಾಂಗದವರಿಗೂ ಜಾಸ್ತಿ ಬೆಲೆ ಹೇಳಿದ್ದರು. ಮಾತು ಒಂದೇ, ಕಾರು ಒಂದೇ. ಬೇರೆ ಆಗಿದ್ದು ಮುಖ ಮಾತ್ರ.

ಮಾರುವವರಿಗೆ ನನ್ನ ಮಾತು ಇಷ್ಟು. ಪ್ರಶ್ನೆ ಕೇಳಿದವರ ಕಣ್ಣು ನೋಡಿ ಉತ್ತರ ಕೊಡಿ. ಟೆಸ್ಟ್ ಡ್ರೈವ್ ಕೀಲಿಯನ್ನು ‘ಯಾರು ಓಡಿಸ್ತೀರಿ?’ ಅಂತ ಕೇಳಿ ಕೊಡಿ. ಮತ್ತು ತಂಗೀ, ನೀವು ಆ ಶೋರೂಮಿಗೆ ಇನ್ನೊಮ್ಮೆ ಹೋಗಬೇಕಾಗಿಲ್ಲ.

ಪ್ರಶ್ನೆ: ‘ಬೆಲೆ ಕೇಳಿದರೆ ತಿಂಗಳ ಕಂತು ಹೇಳು, ಒಟ್ಟು ಮೊತ್ತ ಕೊನೆಗೆ ನೋಡೋಣ’ ಅಂತ ನಮ್ಮ ಮ್ಯಾನೇಜರ್ ಹೇಳುತ್ತಾರೆ. ಹಾಗೆ ಮಾಡಿದರೆ ಬುಕಿಂಗ್ ಜಾಸ್ತಿ ಆಗುವುದೂ ನಿಜ. ಆದರೆ ಮನಸ್ಸು ಒಪ್ಪುವುದಿಲ್ಲ.

ಉತ್ತರ: ನಿಮ್ಮ ಮನಸ್ಸಿನ ಮಾತು ಕೇಳಿ. ಯಾಕೆ ಅಂತ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಸಾಲದ ಅಸಲು 100 ಅಂತ ಇಟ್ಟುಕೊಳ್ಳಿ. ಬಡ್ಡಿ ವರ್ಷಕ್ಕೆ ಶೇಕಡಾ 9, ಅಸಲು ತೀರಿದ ಹಾಗೆ ಬಡ್ಡಿ ಇಳಿಯುವ ಲೆಕ್ಕ. 5 ವರ್ಷದ ಸಾಲಕ್ಕೆ ತಿಂಗಳ ಕಂತು ಸುಮಾರು 2.08. 7 ವರ್ಷಕ್ಕೆ ಎಳೆದರೆ 1.61. ಕಂತು ಮಾತ್ರ ತೋರಿಸಿದರೆ ಎರಡನೆಯದು ಹಗುರ ಅನ್ನಿಸುತ್ತದೆ, ಅಲ್ವಾ? ಆದರೆ ಒಟ್ಟು ಬಡ್ಡಿ ಮೊದಲನೆಯದರಲ್ಲಿ ಸುಮಾರು 24.5, ಎರಡನೆಯದರಲ್ಲಿ 35. ಆ ಹೆಚ್ಚಿನ ಹತ್ತನ್ನು ಗಿರಾಕಿ ಕಟ್ಟುತ್ತಾರೆ. ಗೊತ್ತಿದ್ದು ಕಟ್ಟಿದರೆ ಅದು ಅವರ ಆಯ್ಕೆ. ಗೊತ್ತಿಲ್ಲದೆ ಕಟ್ಟಿದರೆ ಹೊಣೆ ನಿಮ್ಮದು.

ಇನ್ನೊಂದು, ‘ಫ್ಲಾಟ್’ ಬಡ್ಡಿ. ‘ಬರೀ 7 ಪರ್ಸೆಂಟ್’ ಅಂತ ಹೇಳುವುದು ಸುಲಭ. ಪೂರ್ತಿ ಅಸಲಿನ ಮೇಲೆ 5 ವರ್ಷವೂ 7 ಹಾಕಿದರೆ ಬಡ್ಡಿ 35 ಆಗುತ್ತದೆ. ಇಳಿಯುವ ಲೆಕ್ಕದಲ್ಲಿ ಅದು ಸುಮಾರು ಶೇಕಡಾ 12.5ಕ್ಕೆ ಸಮ. ಈ ಎರಡು ಬಡ್ಡಿಯ ವ್ಯತ್ಯಾಸ ಗೊತ್ತಿಲ್ಲದ ಗಿರಾಕಿಗಳು ತುಂಬಾ ಜನ. ಬೇಸರದ ಸಂಗತಿ ಅಂದರೆ, ಗೊತ್ತಿಲ್ಲದ ಸೇಲ್ಸ್‌ನವರೂ ಇದ್ದಾರೆ. ದಯವಿಟ್ಟು ಕಲಿತುಕೊಳ್ಳಿ. ಒಂದು ಸಂಜೆಯ ಕೆಲಸ.

ಕೊಟೇಶನ್ ಕೊಡುವಾಗ ಒಂದೇ ಹಾಳೆ ಕೊಡಿ. ಕಾರಿನ ಬೆಲೆ, ತೆರಿಗೆ, ನೋಂದಣಿ, ಇನ್ಶೂರೆನ್ಸ್, ಆಕ್ಸೆಸರಿ, ಹೆಚ್ಚಿನ ವಾರಂಟಿ, ಸಾಲದ ಶುಲ್ಕ, ಎಲ್ಲಾ ಬೇರೆ ಬೇರೆ ಸಾಲಿನಲ್ಲಿ ಇರಲಿ. ಬೇಡ ಅಂದರೆ ಬಿಡಬಹುದಾದ ಸಾಲುಗಳಿಗೆ ಪೆನ್ನಿನಲ್ಲಿ ಗುರುತು ಹಾಕಿ. ಹಳೆ ಕಾರು ಎಕ್ಸ್‌ಚೇಂಜ್ ಇದ್ದರೆ ಅದರ ಬೆಲೆಯನ್ನು ಡಿಸ್ಕೌಂಟಿನ ಜೊತೆ ಕಲಸಬೇಡಿ. ಕಲಸಿದರೆ ಯಾವುದರಲ್ಲಿ ಎಷ್ಟು ಸಿಕ್ಕಿತು ಅಂತ ಗಿರಾಕಿಗೆ ತಿಳಿಯುವುದೇ ಇಲ್ಲ.

ಇದು ಹೊಸ ಜಗಳವೂ ಅಲ್ಲ. ಅಮೆರಿಕದಲ್ಲಿ ಡೀಲರ್‌ಗಳು ಮನಸ್ಸಿಗೆ ಬಂದ ಬೆಲೆ ಹೇಳುತ್ತಿದ್ದ ಕಾಲದಲ್ಲಿ ಮೈಕ್ ಮನ್ರೋನಿ ಎಂಬ ಸೆನೆಟರ್ 1958ರಲ್ಲಿ ಕಾನೂನು ತಂದರು. ಕಂಪನಿ ಸೂಚಿಸಿದ ಬೆಲೆ, ಅದರಲ್ಲಿ ಏನೇನು ಸೇರಿದೆ ಅಂತ ಹೊಸ ಕಾರಿನ ಕಿಟಕಿಗೇ ಅಂಟಿಸಬೇಕಾಯಿತು. ಆ ಚೀಟಿಗೆ ಇಂದಿಗೂ ಅವರ ಹೆಸರೇ ಇದೆ. ನಿಮ್ಮ ಹಾಳೆಗೆ ಯಾವ ಕಾನೂನೂ ಬೇಕಾಗಿಲ್ಲ.

ಮ್ಯಾನೇಜರ್‌ಗೆ ಏನು ಹೇಳುವುದು ಅಂತ ಕೇಳುತ್ತೀರಿ. ಒಟ್ಟು ಮೊತ್ತ ನೋಡಿದ ಮೇಲೆ ಬುಕಿಂಗ್ ರದ್ದು ಮಾಡಿದವರು ಎಷ್ಟು ಜನ ಅಂತ ಮೂರು ತಿಂಗಳು ಬರೆದಿಡಿ. ಆ ಪುಸ್ತಕವನ್ನು ಅವರ ಮುಂದೆ ಇಡಿ.

ಪ್ರಶ್ನೆ: ಟೆಸ್ಟ್ ಡ್ರೈವ್‌ನಲ್ಲಿ ನಾನು ಏನೇನು ಹೇಳಬೇಕು?

ಉತ್ತರ: ಆದಷ್ಟು ಕಡಿಮೆ. ಹೊರಡುವ ಮೊದಲು ಸೀಟು, ಕನ್ನಡಿ, ಸ್ಟೀರಿಂಗ್ ಅವರಿಗೆ ಸರಿ ಮಾಡಿಕೊಡಿ. ದಾರಿ ಹೇಳಿ. ಆಮೇಲೆ ಸುಮ್ಮನಿರಿ. ಇಂಜಿನ್ ಸದ್ದು, ಕ್ಲಚ್ಚಿನ ಭಾರ, ಹಂಪು ದಾಟುವಾಗಿನ ಕುಲುಕಾಟ ಎಲ್ಲಾ ಅವರಿಗೆ ಕೇಳಲಿ, ತಿಳಿಯಲಿ. ಶೋರೂಮಿನ ಸುತ್ತ ಒಂದು ನುಣ್ಣನೆಯ ಸುತ್ತು ಹಾಕಿಸಿ ಮುಗಿಸಬೇಡಿ. ಒಂದು ಏರು, ಒಂದು ಕೆಟ್ಟ ರಸ್ತೆ, ಒಂದು ಇಕ್ಕಟ್ಟಾದ ಜಾಗದಲ್ಲಿ ಹಿಂದಕ್ಕೆ ತೆಗೆದು ನಿಲ್ಲಿಸುವುದು, ಇಷ್ಟಾದರೂ ಇರಲಿ. ಮನೆಯವರನ್ನು ಹಿಂದೆ ಕೂರಿಸಿ. ಪುಟ್ಟ ಮಗು ಇದ್ದರೆ ಮಗುವಿನ ಸೀಟನ್ನೂ ತರಲು ಹೇಳಿ, ಅಲ್ಲೇ ಕೂರಿಸಿ ನೋಡಲಿ. ಹಿಮ್ಮುಖವಾಗಿ ಕೂರಿಸುವ ಮಗುವಿನ ಸೀಟನ್ನು ಏರ್‌ಬ್ಯಾಗ್ ಚಾಲೂ ಇರುವ ಮುಂದಿನ ಸೀಟಿನಲ್ಲಿ ಇಡಲೇಬಾರದು. ಅವರು ಕೇಳದಿದ್ದರೂ ಇದನ್ನು ಹೇಳಿ.

ಎಲೆಕ್ಟ್ರಿಕ್ ಕಾರಾದರೆ ಕಂಪನಿ ಹೇಳುವ ರೇಂಜ್ (ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಓಡುವ ದೂರ) ಪ್ರಯೋಗಾಲಯದ ಪರೀಕ್ಷೆಯ ಲೆಕ್ಕ, ಹೆದ್ದಾರಿಯಲ್ಲಿ ಜೋರಾಗಿ ಓಡಿಸಿದರೆ ಅಷ್ಟು ಸಿಗುವುದಿಲ್ಲ ಅಂತ ಮೊದಲೇ ಹೇಳಿ. ಫಾಸ್ಟ್ ಚಾರ್ಜಿಂಗ್ ಸಾಮಾನ್ಯವಾಗಿ ಶೇಕಡಾ 80 ದಾಟಿದ ಮೇಲೆ ನಿಧಾನವಾಗುತ್ತದೆ ಅನ್ನುವುದನ್ನೂ ತಿಳಿಸಿ. ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ, ರಾತ್ರಿ ಚಾರ್ಜ್ ಮಾಡಲು ಜಾಗ ಇದೆಯಾ ಅಂತ ಕೇಳಿ. ಅವರು ವಿಡಿಯೋ ಎಲ್ಲಾ ನೋಡಿಯೇ ಬಂದಿರುತ್ತಾರೆ. ಆದರೆ ಯಾವ ವಿಡಿಯೋವೂ ಈ ಎರಡು ಪ್ರಶ್ನೆಗೆ ಅವರಿಂದ ಉತ್ತರ ಪಡೆದಿರುವುದಿಲ್ಲ.

ಪ್ರಶ್ನೆ: ಡೆಲಿವರಿ ದಿನ ಫೋಟೋ ತೆಗೆದು, ಕೀಲಿ ಕೊಟ್ಟು ಕಳಿಸುತ್ತೇವೆ. ಎಲ್ಲರೂ ಖುಷಿಯಾಗಿಯೇ ಹೋಗುತ್ತಾರೆ. ಮಾರನೇ ದಿನದಿಂದ ಫೋನು ಶುರು. ಏನು ಮಾಡಲಿ?

ಉತ್ತರ: ಒಂದು ಗಂಟೆ ಕೊಡಿ. ಪಕ್ಕದ ಸೀಟಿನಲ್ಲಿ ನೀವು ಕೂತು, ಎಲ್ಲವನ್ನೂ ಅವರ ಕೈಯಿಂದಲೇ ಮಾಡಿಸಿ. ಪೆಟ್ರೋಲ್ ಮುಚ್ಚಳ, ಬಾನೆಟ್ಟಿನ ಕೊಕ್ಕೆ, ಸ್ಟೆಪ್ನಿ, ಜಾಕ್, ವೈಪರ್, ಫೋನ್ ಜೋಡಿಸುವುದು. ಟೈರಿಗೆ ಎಷ್ಟು ಗಾಳಿ ಅಂತ ಬರೆದಿರುವ ಚೀಟಿ ಎಲ್ಲಿದೆ ಅಂತ ತೋರಿಸಿ. ಹೊಸ ಕಾರಿನ ಸಂಭ್ರಮದಲ್ಲಿ ಅರ್ಧ ಮರೆತುಹೋಗುತ್ತದೆ. ಅದಕ್ಕೇ ಒಂದು ವಾರ ಬಿಟ್ಟು ನೀವೇ ಫೋನ್ ಮಾಡಿ, ‘ಯಾವುದು ಗೊತ್ತಾಗಲಿಲ್ಲ?’ ಅಂತ ಕೇಳಿ.

ಕೊಡುವ ಮೊದಲು ಕಾರಿನ 17 ಅಕ್ಷರ-ಅಂಕಿಗಳ ಗುರುತಿನ ಸಂಖ್ಯೆಯನ್ನು ಕಾಗದದ ಜೊತೆ ಹೋಲಿಸಿ ಅವರಿಗೇ ತೋರಿಸಿ. ತಯಾರಾದ ತಿಂಗಳು, ವರ್ಷ ಬಾಯಿ ಬಿಟ್ಟು ಹೇಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ತಿಂಗಳ ಕೊನೆ, ನನ್ನ ಟಾರ್ಗೆಟ್‌ಗೆ ಒಂದು ಕಾರು ಕಡಿಮೆ ಇತ್ತು. ಹಿಂದಿನ ವರ್ಷ ತಯಾರಾಗಿ ಯಾರ್ಡಿನಲ್ಲಿ ನಿಂತಿದ್ದ ಕಾರನ್ನು ಒಬ್ಬ ಶಿಕ್ಷಕಿಗೆ ಕೊಟ್ಟೆ. ಆ ವಿಷಯ ಹೇಳಲಿಲ್ಲ. ಒಳ್ಳೆ ಡಿಸ್ಕೌಂಟ್ ಕೊಟ್ಟಿದ್ದೇವಲ್ಲ ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಟೈರಿನ ಪಕ್ಕದಲ್ಲಿ ಒಂದು ಕೋಡಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ. 3524 ಅಂತ ಇದ್ದರೆ 2024ರ 35ನೇ ವಾರದಲ್ಲಿ ತಯಾರಾದ ಟೈರು. ಟೈರು ಕಾರಿಗಿಂತ ಸ್ವಲ್ಪ ಮೊದಲೇ ತಯಾರಾಗಿರುತ್ತದೆ, ಅದು ಸಹಜ. ಆದರೆ ಅವರ ಕಾರಿನ ಟೈರು ತುಂಬಾ ಹಳೆಯದು. ಗಾಳಿ ಹಾಕಿಸಲು ಹೋದಾಗ ಅಲ್ಲಿನವರು ಅದನ್ನು ತೋರಿಸಿದರಂತೆ. ಆಮೇಲೆ ಕಾಗದ ನೋಡಿದ್ದಾರೆ.

ಫೋನ್ ಮಾಡಿದರು. ಬೈಯಲಿಲ್ಲ. ‘ನೀವು ಹೇಳಿದ್ದರೂ ನಾನು ಇದನ್ನೇ ತಗೊಳ್ತಿದ್ದೆ. ಯಾಕೆ ಹೇಳಲಿಲ್ಲ?’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ತಯಾರಾದ ತಿಂಗಳನ್ನು ಕೊಟೇಶನ್ನಿನ ಮೊದಲ ಸಾಲಿನಲ್ಲಿ ಬರೆಯಲು ಶುರು ಮಾಡಿದೆ.

ಪ್ರಶ್ನೆ: ಕಾರು ಕೊಟ್ಟ ಮೇಲೆ ಸರ್ವೀಸಿನ ತೊಂದರೆಗೂ ನಮಗೇ ಫೋನ್ ಮಾಡುತ್ತಾರೆ. ಅದು ನಮ್ಮ ವಿಭಾಗ ಅಲ್ಲವಲ್ಲ?

ಉತ್ತರ: ಗಿರಾಕಿಗೆ ವಿಭಾಗ ಗೊತ್ತಿಲ್ಲ, ನಿಮ್ಮ ಮುಖ ಗೊತ್ತು. ರಿಪೇರಿ ನೀವು ಮಾಡಬೇಕಾಗಿಲ್ಲ. ಸರ್ವೀಸಿನವರ ಹತ್ತಿರ ನೀವೇ ಮಾತಾಡಿ, ಯಾರು ಎಷ್ಟು ಹೊತ್ತಿಗೆ ಫೋನ್ ಮಾಡುತ್ತಾರೆ ಅಂತ ತಿಳಿಸಿ.

ಜೋ ಜಿರಾರ್ಡ್ ಅಂತ ಒಬ್ಬರಿದ್ದರು. ಅಮೆರಿಕದ ಡೆಟ್ರಾಯಿಟ್ ಹತ್ತಿರ ಷೆವರ್ಲೆ ಕಾರು ಮಾರುತ್ತಿದ್ದರು. 1963ರಿಂದ 1978ರವರೆಗೆ 13,001 ಕಾರು, ಅದೂ ಒಂದೊಂದಾಗಿ ಮಾರಿದ್ದಕ್ಕೆ ಗಿನ್ನೆಸ್ ದಾಖಲೆಯಲ್ಲಿ ಹೆಸರು ಬಂತು. ಹಳೆಯ ಗಿರಾಕಿಗಳಿಗೆ ಪ್ರತಿ ತಿಂಗಳೂ ಅಂಚೆಯಲ್ಲಿ ಕಾರ್ಡು ಕಳಿಸುತ್ತಿದ್ದರು.

ಕಂಪನಿಗಳಲ್ಲೂ ಇಂಥ ಉದಾಹರಣೆ ಇದೆ. ಲೆಕ್ಸಸ್ ಕಂಪನಿ 1989ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಶುರುವಾಗಿತ್ತು. ಕೆಲವೇ ತಿಂಗಳಲ್ಲಿ ದೋಷ ಕಂಡು ಸುಮಾರು 8,000 ಕಾರುಗಳನ್ನು ವಾಪಸು ಕರೆಸಬೇಕಾಯಿತು. ಎಷ್ಟೋ ಕಡೆ ಅವರೇ ಮನೆಗೆ ಹೋಗಿ ಕಾರು ತಂದು, ಸರಿ ಮಾಡಿ, ತೊಳೆದು, ಪೆಟ್ರೋಲ್ ತುಂಬಿಸಿ ವಾಪಸು ಕೊಟ್ಟರು. ಹೆಸರು ಕೆಡಬೇಕಾಗಿದ್ದ ಕಡೆ ಹೆಸರು ಬಂತು. ಡೆಲಿವರಿ ತಡವಾದಾಗಲೂ ಹೀಗೇ. ಗಿರಾಕಿ ಫೋನ್ ಮಾಡುವ ಮೊದಲೇ ನೀವು ಮಾಡಿ.

ಪ್ರಶ್ನೆ: ಬಂದವರಿಗೆ ನಮ್ಮ ಕಾರು ಹೊಂದುವುದೇ ಇಲ್ಲ ಅಂತ ಗೊತ್ತಾದರೆ? ಟಾರ್ಗೆಟ್ ತಲೆಯ ಮೇಲಿದೆ.

ಉತ್ತರ: ಹೇಳಿಬಿಡಿ. ಒಬ್ಬರು ಗಾಲಿಕುರ್ಚಿಯಲ್ಲಿ ಓಡಾಡುವ ಮಗಳಿಗಾಗಿ ಕಾರು ನೋಡಲು ಬಂದಿದ್ದರು. ನಮ್ಮ ಯಾವ ಕಾರಿನ ಡಿಕ್ಕಿಗೂ ಆ ಕುರ್ಚಿ ಚಕ್ರ ಬಿಚ್ಚದೆ ಹೋಗುತ್ತಿರಲಿಲ್ಲ. ‘ದಿನಕ್ಕೆ ನಾಲ್ಕು ಸಲ ಚಕ್ರ ಬಿಚ್ಚಿ ಹಾಕಬೇಕಾಗುತ್ತೆ ಸರ್. ಬೇರೆ ಕಂಪನಿಯ ಕಾರು ನೋಡಿ’ ಅಂದೆ. ಅವರು ಹೋದರು. ವಾಪಸು ಬರಲಿಲ್ಲ, ಬೇರೆ ಯಾರನ್ನೂ ಕಳಿಸಲೂ ಇಲ್ಲ. ಆ ತಿಂಗಳು ನನ್ನ ಟಾರ್ಗೆಟ್ ಮುಟ್ಟಲಿಲ್ಲ. ಇವತ್ತು ಅವರು ಬಂದರೂ ಅದನ್ನೇ ಹೇಳುತ್ತೇನೆ.

ಮಾರನೇ ದಿನ ಒಂದು ಅಳತೆ ಟೇಪು ಕೊಂಡೆ. ಶೋರೂಮಿನಲ್ಲಿದ್ದ ಎಲ್ಲಾ ಕಾರುಗಳ ಡಿಕ್ಕಿಯ ಬಾಯಿ, ಆಳ, ಎತ್ತರ ಅಳೆದು ಒಂದು ಪುಸ್ತಕದಲ್ಲಿ ಬರೆದೆ. ನಿಮ್ಮ ಮೇಜಿನ ಡ್ರಾಯರಿನಲ್ಲೂ ಒಂದು ಟೇಪು ಇಟ್ಟುಕೊಳ್ಳಿ.